ಕುದ್ಮುಲ್ ರಂಗರಾಯರು

ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ನಾಡನ್ನಾಳಿದ ಅರಸರನ್ನೂ ಕವಿಗಳನ್ನೂ ಸ್ಮರಿಸುವುದು ನಮ್ಮ ರೂಢಿ. ಚೆನ್ನೈಯಲ್ಲಿ ನೆಲಸಿರುವ ಕನ್ನಡಿಗರು ನೆನೆಯಲೇಬೇಕಾದ ಮತ್ತೊಬ್ಬ ಮಹನೀಯರೆಂದರೆ ಮಂಗಳೂರಿನ ಕುದ್ಮುಲ್ ರಂಗರಾಯರು. 1956ರಲ್ಲಿ ನಾಡು ಒಂದಾಗುವವರೆಗೆ ಮಂಗಳೂರು ಮದರಾಸಿನ ಆಡಳಿತಕ್ಕೆ ಸೇರಿತ್ತು. ಅಲ್ಲಿನ ಶಾಲೆ, ನೌಕರಿಗಳ ಕಟ್ಟಳೆಗಳು ಇಲ್ಲಿಂದಲೇ ಹೊರಡುತ್ತಿದ್ದವು.

ರಂಗರಾಯರು 1859ರಲ್ಲಿ ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಎಳೆತನದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು ಉಪಾಧ್ಯಾಯರಾದರು, ಮುಂದೆ ವಕೀಲರಾದರು. ಬಡತನವೇನೋ ಇತ್ತು. ಆದರೆ ಮನೆತನದಲ್ಲಿ ಅಕ್ಷರವಿತ್ತು. ಶಾಲೆಯ ಬಾಗಿಲಲ್ಲಿ ಅವರನ್ನು ಯಾರೂ ತಡೆಯಲಿಲ್ಲ.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಅಷ್ಟಿಷ್ಟು ಓದಿದ ದಲಿತನೊಬ್ಬನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಾಗ ಮೇಲ್ಜಾತಿಯವರು ಸಹಿಸದೆ ಅಡ್ಡಿಪಡಿಸಿದರೆಂದೂ, ಆ ಸಂಗತಿ ರಂಗರಾಯರ ಮನಸ್ಸನ್ನು ಕಲಕಿತೆಂದೂ ಹೇಳುತ್ತಾರೆ. 1892ರಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಕಲಿಸಲು ಉಪಾಧ್ಯಾಯರು ಬರಲೊಲ್ಲರು. ಶಾಲೆಗೆ ಜಾಗ ಕೊಡಲು ಜನ ಒಪ್ಪರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಹಸಿದ ಮಗು ಪಾಠ ಕೇಳದೆಂದು ಅರಿತು ಊಟ ಹಾಕಿದರು. ಕಾಲಕ್ರಮದಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಬೆಳೆಯಿತು. ವಿದ್ಯಾರ್ಥಿನಿಲಯವೂ ಕೈಕಸಬಿನ ತರಬೇತಿಯೂ ಸೇರಿಕೊಂಡವು.

ಅವರ ನಡೆ ನುಡಿಗೆ ತಕ್ಕಂತಿತ್ತು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯ ಓದು ನಿಲ್ಲಲಿಲ್ಲ. ಬೇರೆ ಜಾತಿಯ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರೊಡನೆ ಆಕೆಯ ಮರುವಿವಾಹವಾಯಿತು. ರಾಧಾಬಾಯಿ ಆಕ್ಸ್‌ಫರ್ಡಿನಲ್ಲಿ ಓದಿದರು. 1930ರ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಕ್ಕಳಲ್ಲಿ ಒಬ್ಬರು 1966ರಲ್ಲಿ ಭೂಸೇನೆಯ ಮುಖ್ಯಸ್ಥರಾದರು, ಮತ್ತೊಬ್ಬರು ಕೇಂಬ್ರಿಡ್ಜಿನಲ್ಲಿ ಓದಿ ಕೇಂದ್ರ ಮಂತ್ರಿಯಾದರು. ಅಕ್ಷರವಿದ್ದ ಮನೆಯಿಂದ ಅಲ್ಲಿಗೆ ಎರಡು ತಲೆಮಾರು ಸಾಕಾಯಿತು. ಅವರ ಶಾಲೆಯ ಮಗುವಿಗಾದರೋ ಗುಮಾಸ್ತನ ಕುರ್ಚಿಯೂ ದೂರದ ಬೆಟ್ಟವಾಗಿತ್ತು.

ಸುಬ್ಬರಾಯನ್ನರು ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ, 1927ರಲ್ಲಿ, ಕಮ್ಯೂನಲ್ ಜಿ.ಓ. ಹೊರಟಿತು. ಸರಕಾರಿ ನೇಮಕದ ಪ್ರತಿ 12 ಸ್ಥಾನಗಳಲ್ಲಿ ಒಂದು ದಲಿತರಿಗೆ ಮೀಸಲಾಯಿತು. ಕಾಗದದ ಮೇಲೆ ಸ್ಥಾನವಿದ್ದರೆ ಸಾಲದು, ಅದನ್ನು ತುಂಬಲು ಓದಿದ ಹುಡುಗನೂ ಬೇಕು. ಆ ಹುಡುಗನನ್ನು ಸಿದ್ಧಪಡಿಸುವ ಕೆಲಸವನ್ನು ಮಾವನವರು 35 ವರ್ಷ ಮೊದಲೇ ಕೈಗೊಂಡಿದ್ದರು.

1928ರ ಜನವರಿ 30ರಂದು ರಂಗರಾಯರು ದಿವಂಗತರಾದರು. ತಮ್ಮ ಕಳೇಬರವನ್ನು ತೋಟಿ ಜನರೇ ಹೊರಬೇಕೆಂಬುದು ಅವರ ಅಂತಿಮ ಇಚ್ಛೆಯಾಗಿತ್ತು. ಅವರ ಬಾಳಿನ ಹಂಬಲ ಇನ್ನೊಂದಿತ್ತು: ತಮ್ಮ ಶಾಲೆಯಲ್ಲಿ ಓದಿದ ಮಗು ದೊಡ್ಡ ಸರಕಾರಿ ಹುದ್ದೆಗೇರಿ ಮಂಗಳೂರಿನ ಬೀದಿಯಲ್ಲಿ ಕಾರಿನಲ್ಲಿ ಸಾಗಬೇಕು; ಆ ಗಾಲಿಯ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ. ಮಂಗಳೂರಿನ ಪುರಭವನ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ನಮ್ಮ ಮಕ್ಕಳಿಗೆ ಕಾಲೇಜಿನಲ್ಲಿ ಸೀಟೋ ಒಳ್ಳೆಯ ನೌಕರಿಯೋ ದೊರೆತಾಗ ಅವರ ಜಾಣ್ಮೆಯನ್ನು ಕೊಂಡಾಡುತ್ತೇವೆ. ಕೊಂಡಾಡೋಣ. ಜೊತೆಗೆ, ಹಿಂದಿನ ತಲೆಮಾರು ಕೂಡಿಟ್ಟ ಅಕ್ಷರದ ಠೇವಣಿಯನ್ನೂ ಲೆಕ್ಕಕ್ಕೆ ಹಿಡಿಯೋಣ. ಅಂಥ ಠೇವಣಿಯಿಲ್ಲದೆ, ಅರ್ಜಿ ತುಂಬಲು ತಿಳಿಯದೆ ನಿಂತ ಮಗು ನಮ್ಮ ಬೀದಿಯಲ್ಲೇ ಇದ್ದೀತು. ಅದು ಕನ್ನಡದ್ದಿರಲಿ, ತಮಿಳಿನದಿರಲಿ, ಪಕ್ಕದಲ್ಲಿ ಕುಳಿತು ಆ ಅರ್ಜಿ ತುಂಬಿಸಿಕೊಟ್ಟರೆ ರಂಗರಾಯರಿಗೆ ನಾವು ಸಲ್ಲಿಸುವ ನಿಜವಾದ ಕಾಣಿಕೆ ಅದೇ.