ಕ್ಲಾಡ್ ಬರ್ನಾರ್ಡ್

ತುಪ್ಪ, ಎಣ್ಣೆಗಳು ನೀರಿನಲ್ಲಿ ಕರಗವು. ಆದರೂ ನಾವು ಉಂಡ ಕೊಬ್ಬು ಜೀರ್ಣವಾಗಿ ರಕ್ತವನ್ನು ಸೇರುತ್ತದೆ. ಇದು ಹೇಗೆಂಬ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರವನ್ನು ಅರಸಿದವನು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್.

ಬರ್ನಾರ್ಡನು 1813ರ ಜುಲೈ 12ರಂದು ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ, ದ್ರಾಕ್ಷಿ ಬೆಳೆಯುವ ಬಡ ಕುಟುಂಬದಲ್ಲಿ ಜನಿಸಿದನು. ತರುಣನಾಗಿದ್ದಾಗ ಲಿಯೋನ್ ನಗರದ ಔಷಧದ ಅಂಗಡಿಯೊಂದರಲ್ಲಿ ದುಡಿಯುತ್ತ, ಬಿಡುವಿನಲ್ಲಿ ನಾಟಕಗಳನ್ನು ರಚಿಸುತ್ತಿದ್ದನು. 1834ರಲ್ಲಿ ತನ್ನ ನಾಟಕದೊಡನೆ ಪ್ಯಾರಿಸ್ಸಿಗೆ ತೆರಳಿದನು. ಅಲ್ಲಿನ ವಿಮರ್ಶಕನೊಬ್ಬನು ಜೀವನೋಪಾಯಕ್ಕಾಗಿ ವೈದ್ಯಶಾಸ್ತ್ರವನ್ನು ಕಲಿಯುವಂತೆ ಸಲಹೆ ನೀಡಿದನು. ಆ ಸಲಹೆಯನ್ನು ಮನ್ನಿಸಿದ ಬರ್ನಾರ್ಡನು 1841ರಲ್ಲಿ ಮೆಜಾಂಡಿ ಎಂಬ ಪ್ರಸಿದ್ಧ ವಿಜ್ಞಾನಿಯ ಸಹಾಯಕನಾದನು.

ಕೊಬ್ಬಿನ ಜೀರ್ಣಕ್ರಿಯೆಗೆ ಪಿತ್ತರಸವೇ ಕಾರಣವೆಂದು ಅನೇಕರು ನಂಬಿದ್ದ ಕಾಲವದು. ನಾಯಿಯ ಕರುಳಿನಲ್ಲಿ ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಹತ್ತಿರ ಹತ್ತಿರದಲ್ಲೇ ತೆರೆಯುವುದರಿಂದ ಯಾವ ರಸದ ಕಾರ್ಯ ಯಾವುದೆಂದು ತಿಳಿಯುವಂತಿರಲಿಲ್ಲ. ಮೊಲದಲ್ಲಿ ಮಾತ್ರ ಎರಡನೆಯ ನಾಳವು ಬಹು ಕೆಳಗೆ ತೆರೆಯುತ್ತದೆ. 1846ರಲ್ಲಿ ಬರ್ನಾರ್ಡನು ಕೊಬ್ಬನ್ನು ಉಂಡ ಮೊಲಗಳನ್ನು ಪರೀಕ್ಷಿಸಿದನು. ಪಿತ್ತರಸವು ಬೆರೆತ ಭಾಗದಲ್ಲಿ ಕರುಳಿನ ಸೂಕ್ಷ್ಮ ನಾಳಗಳು ತಿಳಿಯಾಗಿಯೇ ಇದ್ದವು. ಮೇದೋಜೀರಕ ರಸವು ಸೇರಿದ ಸ್ಥಳದಿಂದ ಕೆಳಗೆ ಅವು ಹಾಲಿನಂತೆ ಬೆಳ್ಳಗಾಗಿದ್ದವು. ಈ ರಸವು ಕೊಬ್ಬನ್ನು ಕೊಬ್ಬಿನ ಆಮ್ಲಗಳಾಗಿಯೂ ಗ್ಲಿಸರಿನ್ ಆಗಿಯೂ ಒಡೆಯುವುದೆಂದು ಅವನು ತೋರಿಸಿಕೊಟ್ಟನು. ಆ ಕಾರ್ಯವನ್ನು ಮಾಡುವ ಕಿಣ್ವಕ್ಕೆ ಇಂದು ಲೈಪೇಸ್ ಎಂದು ಹೆಸರು.

ಈ ಜ್ಞಾನಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅಸಂಖ್ಯಾತ ಪ್ರಾಣಿಗಳು ನೋವುಂಡು ಮಡಿದವು. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಸಹಿಸದ ಪತ್ನಿಯು ಕೊನೆಗೆ ಅವನಿಂದ ದೂರವಾದಳು.

ಬರ್ನಾರ್ಡನ ಉತ್ತರವು ಪೂರ್ಣವಾಗಿರಲಿಲ್ಲ. ಅವನ ಶಿಷ್ಯನಾದ ದಾಸ್ತ್ರ್ ಎಂಬಾತನು ನಾಯಿಯೊಂದರಲ್ಲಿ ಪಿತ್ತರಸವು ಕರುಳಿನ ಕೆಳಭಾಗದಲ್ಲಿ ಬೀಳುವಂತೆ ಮಾಡಿದನು. ಆಗ ಪಿತ್ತರಸವು ಸೇರಿದ ಮೇಲೆಯೇ ನಾಳಗಳು ಬೆಳ್ಳಗಾದವು. ಕೊಬ್ಬು ಜೀರ್ಣವಾಗಿ ಹೀರಲ್ಪಡಲು ಎರಡು ರಸಗಳೂ ಬೇಕೆಂಬುದು ಹೀಗೆ ಸಿದ್ಧವಾಯಿತು. ರಕ್ತದಲ್ಲಿಯೂ ಕೊಬ್ಬು ಒಂಟಿಯಾಗಿ ಸಂಚರಿಸದು; ಪ್ರೋಟೀನು, ಫಾಸ್ಫೊಲಿಪಿಡ್, ಕೊಲೆಸ್ಟರಾಲ್‌ಗಳ ಹೊದಿಕೆಯುಳ್ಳ ಲಿಪೊಪ್ರೋಟೀನು ಕಣಗಳಲ್ಲಿ ಸಾಗುತ್ತದೆ. ರಕ್ತನಾಳಗಳ ಗೋಡೆಯಲ್ಲಿರುವ ಮತ್ತೊಂದು ಲೈಪೇಸ್ ಅದನ್ನು ಒಡೆಯುತ್ತದೆ. ಆ ಹೊದಿಕೆಯ ಘಟಕಗಳ ಪ್ರಮಾಣ ಬದಲಾದಂತೆ ಕಿಣ್ವದ ವೇಗವೂ ಬದಲಾಗುವುದೆಂದು ಈಗ ತಿಳಿದಿದೆ.

ಬರ್ನಾರ್ಡನು 1878ರ ಫೆಬ್ರವರಿ 10ರಂದು ನಿಧನನಾದನು. ಫ್ರಾನ್ಸ್ ದೇಶವು ವಿಜ್ಞಾನಿಯೊಬ್ಬನಿಗೆ ಸರಕಾರೀ ಗೌರವದ ಅಂತ್ಯಸಂಸ್ಕಾರವನ್ನು ನಡೆಸಿದ್ದು ಅದೇ ಮೊದಲು. ಪ್ರಚಲಿತ ನಂಬಿಕೆಯನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬ ಅವನ ಮಾರ್ಗವೇ ಅವನು ವೈದ್ಯವಿಜ್ಞಾನಕ್ಕೆ ಬಿಟ್ಟುಹೋದ ದೊಡ್ಡ ಆಸ್ತಿ.