ಆರ್ಕಿಮಿಡೀಸ್

ಪುತ್ತೂರು ತಾಲ್ಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಮತ್ತು ಕುಮಾರಧಾರಾ ನದಿಗಳು ಕೂಡುತ್ತವೆ. ಮಳೆಗಾಲದ ಪ್ರವಾಹದಲ್ಲಿ ಘಟ್ಟದ ಕಾಡಿನ ಮರದ ದಿಮ್ಮಿಗಳು ಇಲ್ಲಿಗೆ ತೇಲಿ ಬರುವುದುಂಟು. ಅದೇ ನೀರಿಗೆ ಬಿದ್ದ ಚಿಕ್ಕ ಕಲ್ಲಾದರೋ ಕ್ಷಣಮಾತ್ರದಲ್ಲಿ ತಳ ಸೇರುತ್ತದೆ. ಭಾರವಾದ ದಿಮ್ಮಿ ತೇಲುವುದೇಕೆ? ಅದಕ್ಕಿಂತ ಹಗುರವಾದ ಕಲ್ಲು ಮುಳುಗುವುದೇಕೆ? ಈ ಪ್ರಶ್ನೆಗೆ ಗಣಿತದ ಆಧಾರದಿಂದ ಉತ್ತರ ಕಂಡುಕೊಂಡ ಮಹಾಪುರುಷನೇ ಆರ್ಕಿಮಿಡೀಸ್.

ಕ್ರಿ.ಪೂ. 287ರ ಸುಮಾರಿಗೆ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ ಆತನು ಜನಿಸಿದನು. ಅದು ಆಗ ಗ್ರೀಕರ ನಗರವಾಗಿತ್ತು. ಅವನ ತಂದೆ ಖಗೋಳಶಾಸ್ತ್ರಜ್ಞನಾಗಿದ್ದನು. ಈಜಿಪ್ಟಿನ ಅಲೆಕ್ಸಾಂಡ್ರಿಯ ಆಗ ವಿದ್ಯೆಯ ತವರು. ಅಲ್ಲಿನ ವಿದ್ವಾಂಸರಿಗೆ ಆರ್ಕಿಮಿಡೀಸನು ತನ್ನ ಸಿದ್ಧಾಂತಗಳನ್ನು ಬರೆದು ಕಳುಹಿಸುತ್ತಿದ್ದನು. ಸನ್ನೆಕೋಲಿನ ನಿಯಮವನ್ನು ಆತನು ಸಾಧಿಸಿ ತೋರಿಸಿದನು. ಗೋಳದ ಘನಫಲವನ್ನು ಕಂಡುಹಿಡಿದನು.

ದೊರೆ ಹೈರೋವಿನ ಚಿನ್ನದ ಕಿರೀಟದ ಕಥೆ ಲೋಕಪ್ರಸಿದ್ಧವಾದುದು. ಅಕ್ಕಸಾಲಿಗನು ಚಿನ್ನಕ್ಕೆ ಬೆಳ್ಳಿಯನ್ನು ಬೆರೆಸಿದನೆಂದು ದೊರೆಗೆ ಸಂದೇಹ. ಕಿರೀಟವನ್ನು ಕೆಡಿಸದೆ ಪರೀಕ್ಷಿಸುವ ಹೊಣೆ ಆರ್ಕಿಮಿಡೀಸನ ಪಾಲಿಗೆ ಬಂದಿತು. ಸ್ನಾನದ ತೊಟ್ಟಿಗೆ ಇಳಿದಾಗ ನೀರು ಹೊರಚೆಲ್ಲಿದುದನ್ನು ಕಂಡು ಅವನಿಗೆ ಉಪಾಯ ಹೊಳೆಯಿತಂತೆ. ಚಿನ್ನವು ನೀರಿಗಿಂತ ಸುಮಾರು 19 ಪಟ್ಟು, ಬೆಳ್ಳಿಯು ಸುಮಾರು 10 ಪಟ್ಟು ಸಾಂದ್ರವಾದುದು. ಆದುದರಿಂದ ಒಂದೇ ತೂಕದ ಚಿನ್ನಕ್ಕಿಂತ ಬೆಳ್ಳಿ ಬೆರೆತ ಕಿರೀಟವು ಹೆಚ್ಚು ನೀರನ್ನು ಹೊರಚೆಲ್ಲುತ್ತದೆ. ಈ ಕಥೆಯನ್ನು ಬರೆದಿಟ್ಟವನು ಸುಮಾರು ಎರಡು ಶತಮಾನಗಳ ಅನಂತರ ಬಾಳಿದ ರೋಮಿನ ವಿಟ್ರೂವಿಯಸ್. ಆದ್ದರಿಂದ ಇದನ್ನು ಐತಿಹ್ಯವೆಂದೇ ಎಣಿಸಬೇಕು.

ಆದರೆ ತೇಲುವ ವಸ್ತುಗಳನ್ನು ಕುರಿತು ಆತನು ರಚಿಸಿದ ಗ್ರಂಥವು ಐತಿಹ್ಯವಲ್ಲ. ಸುಳ್ಯದ ಪಯಸ್ವಿನಿಯಲ್ಲಾಗಲಿ, ಕಡಬ ತಾಲ್ಲೂಕಿನ ಸುಬ್ರಹ್ಮಣ್ಯದ ಬಳಿ ಕುಮಾರಧಾರೆಯಲ್ಲಾಗಲಿ ಸ್ನಾನಕ್ಕಿಳಿದವರು ತಳದ ಗುಂಡುಕಲ್ಲನ್ನು ಎತ್ತಿದರೆ, ಅದು ನೀರಿನೊಳಗೆ ಹಗುರವಾಗಿಯೂ ಮೇಲೆ ಬಂದೊಡನೆ ಭಾರವಾಗಿಯೂ ತೋರುತ್ತದೆ. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುವುದರಿಂದ, ಕಲ್ಲನ್ನು ಕೆಳಗಿನಿಂದ ನೂಕುವ ಬಲವು ಮೇಲಿನಿಂದ ಅದುಮುವ ಬಲವನ್ನು ಮೀರುತ್ತದೆ. ಈ ಮೇಲ್ಮುಖ ಬಲವು ವಸ್ತುವು ಸ್ಥಳಾಂತರಿಸಿದ ನೀರಿನ ತೂಕಕ್ಕೆ ಸಮ. ಇದೇ ಆರ್ಕಿಮಿಡೀಸನ ತತ್ತ್ವ. 5 ಕಿಲೋಗ್ರಾಂ ತೂಕದ ಕಲ್ಲು 2 ಲೀಟರ್ ನೀರನ್ನು ಸ್ಥಳಾಂತರಿಸಿದರೆ ನೀರಿನೊಳಗೆ ಅದರ ತೂಕ 3 ಕಿಲೋಗ್ರಾಂ ಮಾತ್ರ. ಆದರೂ ಅದು ಮುಳುಗಲೇಬೇಕು. 50 ಕಿಲೋಗ್ರಾಂ ತೂಕದ ದಿಮ್ಮಿಯಾದರೋ 50 ಲೀಟರ್ ನೀರನ್ನು ಸರಿಸುವಷ್ಟು ಮಾತ್ರ ಮುಳುಗಿ, ಉಳಿದ ಭಾಗವನ್ನು ಮೇಲಿಟ್ಟು ತೇಲುತ್ತದೆ. ಒಳಗೆ ಟೊಳ್ಳಾಗಿರುವುದರಿಂದ ಬಹಳ ನೀರನ್ನು ಸರಿಸಬಲ್ಲ ಕಬ್ಬಿಣದ ಹಡಗು ಕಡಲಲ್ಲಿ ತೇಲುವುದೂ ಇದೇ ಕಾರಣದಿಂದ.

ರೋಮನ್ನರು ಸಿರಾಕ್ಯೂಸನ್ನು ಮುತ್ತಿದಾಗ ವೃದ್ಧನಾದ ಆರ್ಕಿಮಿಡೀಸನು ಯಂತ್ರಗಳನ್ನು ರಚಿಸಿ ತನ್ನ ನಗರವನ್ನು ಬಹುಕಾಲ ರಕ್ಷಿಸಿದನು. ಕ್ರಿ.ಪೂ. 212ರಲ್ಲಿ ನಗರವು ಶತ್ರುವಶವಾಯಿತು. ರೋಮನ್ ಸೈನಿಕನೊಬ್ಬನು ಆತನನ್ನು ಕೊಂದನು. ಸೇನಾಪತಿ ಮಾರ್ಸೆಲಸನು ಇದನ್ನು ಕೇಳಿ ಬಹಳವಾಗಿ ದುಃಖಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ.

ತೇಲುವ ವಸ್ತುಗಳ ಗ್ರಂಥವೂ ಕಾಲಪ್ರವಾಹದಲ್ಲಿ ಮುಳುಗಿಹೋಗುವಂತಿತ್ತು. ಅದರ ಲ್ಯಾಟಿನ್ ಅನುವಾದ ಉಳಿದಿದ್ದರೂ ಗ್ರೀಕ್ ಮೂಲವು ಕಣ್ಮರೆಯಾಗಿತ್ತು. 13ನೆಯ ಶತಮಾನದಲ್ಲಿ ಅದರ ಒಂದು ಹಸ್ತಪ್ರತಿಯ ಚರ್ಮದ ಹಾಳೆಗಳನ್ನು ಉಜ್ಜಿ ಅಳಿಸಿ, ಅವುಗಳ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗನು ಆ ಬರಹದ ಅಡಿಯಲ್ಲಿ ಮಸುಕಾಗಿ ಉಳಿದಿದ್ದ ಅಕ್ಷರಗಳನ್ನು ಗುರುತಿಸಿದನು. 1999ರಿಂದ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವಿಜ್ಞಾನಿಗಳು ವಿಶೇಷ ಬೆಳಕಿನ ನೆರವಿನಿಂದ ಇನ್ನೂ ಹೆಚ್ಚಿನ ಭಾಗವನ್ನು ಓದಿದರು. ಹೀಗೆ ಖಡ್ಗವು ಆರ್ಕಿಮಿಡೀಸನ ಪ್ರಾಣವನ್ನು ತೆಗೆದರೂ, ಆತನು ಅರಸಿ ಕಂಡ ಸತ್ಯವು ಅಳಿಯದೆ ನಮ್ಮ ಕೈಸೇರಿದೆ.