ಟಾಟಾ ಇನ್‌ಸ್ಟಿಟ್ಯೂಟಿಗೆ ನೆಲೆ ಹಾಕಿದ ಟ್ರಾವರ್ಸ್

ನೆಲಮಂಗಲದಿಂದ ಬೆಂಗಳೂರಿಗೆ ಬರುವ ಬಸ್ಸು ಯಶವಂತಪುರವನ್ನು ದಾಟಿದೊಡನೆ ಮರಗಳ ನೆರಳಿನ ವಿಶಾಲ ಆವರಣವೊಂದು ಎದುರಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆ ಎಂಬುದು ಅದರ ಹೆಸರಾದರೂ ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಡೆಯಿಂದ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿಗೆ ರಸಾಯನವಿಜ್ಞಾನವೆಂದರೆ ಮೊದಲ ವರ್ಷದಲ್ಲಿ ಮುಗಿಸಿ ಮರೆಯಬೇಕಾದ ಒಂದು ವಿಷಯ. ಆವರ್ತ ಕೋಷ್ಟಕದ ಬಲತುದಿಯ ಸಾಲಿನಲ್ಲಿರುವ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಅವರು ಪಿಯುಸಿಯಲ್ಲಿಯೇ ಬಾಯಿಪಾಠ ಮಾಡಿರುತ್ತಾರೆ. ಆ ಮೂರೂ ಧಾತುಗಳ ಶೋಧದಲ್ಲಿ ಪಾಲುಗೊಂಡ ವ್ಯಕ್ತಿಯೇ ಈ ಸಂಸ್ಥೆಯ ಮೊದಲ ನಿರ್ದೇಶಕನಾಗಿದ್ದನೆಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು.

ಮಾರಿಸ್ ವಿಲಿಯಂ ಟ್ರಾವರ್ಸ್ ಲಂಡನ್ನಿನ ವೈದ್ಯರೊಬ್ಬರ ಮಗನಾಗಿ 1872ರ ಜನವರಿ 24ರಂದು ಹುಟ್ಟಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ, ಫ್ರಾನ್ಸಿನ ನಾನ್ಸಿಯಲ್ಲಿ ಕೆಲಕಾಲ ಸಾವಯವ ರಸಾಯನವಿಜ್ಞಾನವನ್ನು ಅಭ್ಯಾಸ ಮಾಡಿ, 1894ರಲ್ಲಿ ಮರಳಿ ಬಂದು ವಿಲಿಯಂ ರ‍್ಯಾಮ್ಸೆಯವರ ಪ್ರಯೋಗಶಾಲೆಯನ್ನು ಸೇರಿದರು. ರ‍್ಯಾಮ್ಸೆ ಮತ್ತು ಲಾರ್ಡ್ ರ‍್ಯಾಲೆ ಗಾಳಿಯಲ್ಲಿ ಆರ್ಗಾನ್ ಎಂಬ ಹೊಸ ಅನಿಲವನ್ನು ಗುರುತಿಸಿದ್ದು ಅದೇ ವರ್ಷ. ಮರುವರ್ಷ ರ‍್ಯಾಮ್ಸೆಯವರಿಗೆ ಹೀಲಿಯಂ ದೊರೆಯಿತು. ಇವೆರಡಕ್ಕೂ ಆವರ್ತ ಕೋಷ್ಟಕದಲ್ಲಿ ಹೊಸದೊಂದು ಸಾಲು ಬೇಕಾಯಿತು. ಸಾಲು ಇದೆ ಎಂದಾದರೆ ಅದರ ಉಳಿದ ಸದಸ್ಯರೂ ಎಲ್ಲೋ ಇರಲೇಬೇಕು. ಆ ಹುಡುಕಾಟಕ್ಕೆ ರ‍್ಯಾಮ್ಸೆ ಆರಿಸಿಕೊಂಡ ಜೊತೆಗಾರ ಟ್ರಾವರ್ಸ್.

ಅವರು ಹಿಡಿದ ಮಾರ್ಗ ಭೌತ ರಸಾಯನವಿಜ್ಞಾನದ ಸರಳ ತತ್ತ್ವವೊಂದನ್ನು ಆಧರಿಸಿತ್ತು. ಗಾಳಿಯನ್ನು ತೀವ್ರವಾಗಿ ತಣಿಸಿದರೆ ಅದು ದ್ರವವಾಗುತ್ತದೆ. ಆ ದ್ರವವನ್ನು ನಿಧಾನವಾಗಿ ಬಿಸಿಯೇರಲು ಬಿಟ್ಟರೆ ಅದರಲ್ಲಿನ ಅನಿಲಗಳು ತಮ್ಮ ತಮ್ಮ ಕುದಿಬಿಂದುವಿಗೆ ಅನುಗುಣವಾಗಿ ಬೇರ್ಪಡುತ್ತವೆ. ನೈಟ್ರೊಜನ್ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿದರೆ, ಆಕ್ಸಿಜನ್ 183 ಡಿಗ್ರಿ ಕೆಳಗೆ ಕುದಿಯುತ್ತದೆ. 1898ರ ಮೇ ಕೊನೆಯಲ್ಲಿ, ದ್ರವಗಾಳಿಯ ಬಹುಭಾಗ ಆವಿಯಾದ ಮೇಲೆ ಉಳಿದ ಅಂಶವನ್ನು ರೋಹಿತದರ್ಶಕದಲ್ಲಿ ನೋಡಿದಾಗ ಹಳದಿ ಮತ್ತು ಹಸಿರಿನ ಅಪರಿಚಿತ ರೇಖೆಗಳು ಹೊಳೆದವು. ಅದು ಕ್ರಿಪ್ಟಾನ್. ಜೂನ್‌ನಲ್ಲಿ ಆರ್ಗಾನ್‌ಗಿಂತ ಹಗುರವಾದ ಭಾಗದಲ್ಲಿ ಕಡುಗೆಂಪು ಬೆಳಕು ಚೆಲ್ಲುವ ನಿಯಾನ್ ಸಿಕ್ಕಿತು. ಜುಲೈನಲ್ಲಿ ಕ್ಸೆನಾನ್. ಗಾಳಿಯ ಕೋಟಿ ಭಾಗಗಳಲ್ಲಿ ಕ್ಸೆನಾನ್ ಇರುವುದು ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟನ್ನೂ ಎರಡು ತಿಂಗಳೊಳಗೆ ಮಾಡಿ ಮುಗಿಸಿದಾಗ ಟ್ರಾವರ್ಸ್ ಅವರ ವಯಸ್ಸು 26. ನಿಯಾನನ್ನು ಶುದ್ಧವಾಗಿ ಪಡೆಯಲು ಇನ್ನೂ ಹೆಚ್ಚಿನ ಶೈತ್ಯ ಬೇಕಿತ್ತು. ಅದಕ್ಕಾಗಿ ಅವರು ಹೈಡ್ರೊಜನ್ನನ್ನೇ ದ್ರವೀಕರಿಸುವ ಯಂತ್ರವನ್ನು ಕಟ್ಟಿದರು.

1904ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ರ‍್ಯಾಮ್ಸೆ ಒಬ್ಬರಿಗೇ ಸಂದಿತು. ಟ್ರಾವರ್ಸ್ ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು ಮತ್ತು ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದರು. ಅವರನ್ನು ಬೆಂಗಳೂರಿಗೆ ತಂದದ್ದೂ ಗುರುವಿನ ಸಂಬಂಧವೇ. ಜಮ್ಷೆಡ್‌ಜಿ ಟಾಟಾ ಅವರು ಕನಸು ಕಂಡಿದ್ದ ಸಂಶೋಧನಾ ಸಂಸ್ಥೆಗೆ ತಕ್ಕ ಸ್ಥಳವನ್ನು ಸೂಚಿಸಲು ಭಾರತವನ್ನು ಸುತ್ತಿದ್ದ ರ‍್ಯಾಮ್ಸೆ, ಬೆಂಗಳೂರನ್ನು ಮೆಚ್ಚಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ ಮೈಸೂರು ಸಂಸ್ಥಾನ ನೆರವಿಗೆ ಮುಂದಾಗಿತ್ತು. 371 ಎಕರೆ ಭೂಮಿ ದೊರೆಯಿತು. ಜಮ್ಷೆಡ್‌ಜಿ 1904ರಲ್ಲಿಯೇ ತೀರಿಕೊಂಡಿದ್ದರಿಂದ, 1906ರಲ್ಲಿ ಟ್ರಾವರ್ಸ್ ಬಂದಾಗ ಇಲ್ಲಿದ್ದದ್ದು ಒಂದು ಯೋಜನೆ, ಒಂದು ವಿಸ್ತಾರವಾದ ಬಯಲು ಮತ್ತು ಪರಸ್ಪರ ಒಪ್ಪದ ಹಲವು ಅಭಿಪ್ರಾಯಗಳು.

ಅವರ ಕಷ್ಟ ಆರಂಭವಾದದ್ದು ಅಲ್ಲಿಂದ. ಮೂಲ ಯೋಜನೆಯಲ್ಲಿ ವಿಜ್ಞಾನದ ಜೊತೆಗೆ ವೈದ್ಯ, ತತ್ತ್ವಶಾಸ್ತ್ರ, ಶಿಕ್ಷಣಗಳಿಗೂ ಸ್ಥಾನವಿತ್ತು. ಸಂಸ್ಥೆಗೆ ಅಧಿಕೃತ ರೂಪ ನೀಡಿದ ಸರ್ಕಾರಿ ಆದೇಶ ಹೊರಬಿದ್ದದ್ದು 1909ರ ಮೇ 27ರಂದು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು. ಆ ವರ್ಷದ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದ್ದು ಸಾಮಾನ್ಯ ಮತ್ತು ಅನ್ವಯಿಕ ರಸಾಯನವಿಜ್ಞಾನ ಹಾಗೂ ವಿದ್ಯುತ್ ತಂತ್ರವಿಜ್ಞಾನ ವಿಭಾಗಗಳಿಗೆ ಮಾತ್ರ. ವಿಭಾಗಗಳ ಮುಖ್ಯಸ್ಥರು ಬ್ರಿಟನ್ನಿನಿಂದ ಬಂದವರು. ಭಾರತೀಯರೊಬ್ಬರು ನಿರ್ದೇಶಕರ ಕುರ್ಚಿಯಲ್ಲಿ ಕೂರಲು 1933ರಲ್ಲಿ ಸಿ.ವಿ. ರಾಮನ್ ಬರುವವರೆಗೆ ದೇಶ ಕಾಯಬೇಕಾಯಿತು.

ಪ್ರಯೋಗಶಾಲೆಗಳ ಯೋಜನೆ, ಸಲಕರಣೆ, ಬೋಧಕರ ಆಯ್ಕೆ ಎಲ್ಲದರ ಹೊರೆಯೂ ಟ್ರಾವರ್ಸ್ ಮೇಲಿತ್ತು. ಸಂಸ್ಥೆ ಶುದ್ಧ ಸಂಶೋಧನೆಗೆ ಒತ್ತು ಕೊಡಬೇಕೋ, ಕೈಗಾರಿಕೆಗೆ ನೆರವಾಗಬೇಕೋ, ಹಣದ ಮೇಲೆ ಯಾರ ಅಧಿಕಾರ ನಡೆಯಬೇಕು ಎಂಬ ಪ್ರಶ್ನೆಗಳು ಎದ್ದವು. ಟಾಟಾ ಮನೆತನದ ಪ್ರತಿನಿಧಿಗಳೊಂದಿಗೂ ಸಹೋದ್ಯೋಗಿಗಳೊಂದಿಗೂ ಭಿನ್ನಮತ ಬೆಳೆಯಿತು. ಅತಿ ಸೂಕ್ಷ್ಮ ಕುದಿಬಿಂದುಗಳನ್ನು ಅಳೆಯಬಲ್ಲ ವಿಜ್ಞಾನಿಗೆ ಮನುಷ್ಯರ ನಡುವಣ ಶಾಖವನ್ನು ತಣಿಸುವುದು ಸಾಧ್ಯವಾಗಲಿಲ್ಲ. 1914ರಲ್ಲಿ ಅವರು ಹುದ್ದೆಯನ್ನು ತೊರೆದು ಇಂಗ್ಲೆಂಡಿಗೆ ಮರಳಿದರು.

ಅದೇ ವರ್ಷ ಆರಂಭವಾದ ಮೊದಲ ಮಹಾಯುದ್ಧ ಆ ವಾದಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಹೇಳಿತು. ಜರ್ಮನಿಯಿಂದ ಬರುತ್ತಿದ್ದ ಪ್ರಯೋಗಶಾಲೆಯ ಗಾಜು ಬ್ರಿಟನ್ನಿಗೆ ನಿಂತುಹೋದಾಗ, ಅದನ್ನು ತಯಾರಿಸುವ ಕಾರ್ಖಾನೆಯ ಹೊಣೆಯನ್ನು ಟ್ರಾವರ್ಸ್ ಹೊತ್ತರು. ಇತ್ತ ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧದ ರಫ್ತು ನಿಂತಾಗ, ಅವರು ಕಟ್ಟಿದ ಸಂಸ್ಥೆಯ ರಸಾಯನವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ತೆಗೆಯುವ ವಿಧಾನವನ್ನು ರೂಪಿಸಲು ನೆರವಾದರು. 1916ರಲ್ಲಿ ಎಣ್ಣೆಯ ಉತ್ಪಾದನೆ ಆರಂಭವಾಯಿತು. ಅದರ ಬೆನ್ನಿಗೆ ಸೋಪು ಬಂತು. ಈ ಕಾರ್ಯಕ್ಕೆ ಟ್ರಾವರ್ಸ್ ಇಲ್ಲಿರಲಿಲ್ಲ, ಅದರ ಕೀರ್ತಿಯೂ ಅವರದಲ್ಲ. ಆದರೆ ಯುದ್ಧ ಬಂದಾಗ ಪ್ರಯೋಗಶಾಲೆಗಳು ಸಿದ್ಧವಾಗಿದ್ದವು. ಅದು ಸಣ್ಣ ಮಾತಲ್ಲ.

ಅನಂತರ ಅವರು ಕುಲುಮೆ, ಇಂಧನಗಳ ತಂತ್ರಜ್ಞಾನದಲ್ಲಿ ತೊಡಗಿ, 1927ರಲ್ಲಿ ಬ್ರಿಸ್ಟಲ್‌ಗೆ ಮರಳಿದರು. 1928ರಲ್ಲಿ ವಿರಳ ಅನಿಲಗಳ ಶೋಧದ ಕಥೆಯನ್ನೂ, 1956ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ, ಗುರು ರ‍್ಯಾಮ್ಸೆಯವರ ಜೀವನಚರಿತ್ರೆಯನ್ನೂ ಪ್ರಕಟಿಸಿದರು. ತಮಗೆ ಪಾಲು ದೊರೆಯದ ಬಹುಮಾನವನ್ನು ಪಡೆದ ಗುರುವಿನ ಬದುಕನ್ನು ಇಳಿವಯಸ್ಸಿನಲ್ಲಿ ಬರೆದು ಮುಗಿಸಿದ್ದು ಅವರ ಸ್ವಭಾವದ ಇನ್ನೊಂದು ಮುಖ. 1961ರ ಆಗಸ್ಟ್ 25ರಂದು ಅವರು ನಿಧನರಾದರು.

2021ರಲ್ಲಿ ಕೊರೊನಾದ ಎರಡನೆಯ ಅಲೆಯಲ್ಲಿ ಆಸ್ಪತ್ರೆಗಳ ಮುಂದೆ ಜನ ಆಮ್ಲಜನಕಕ್ಕಾಗಿ ಪರದಾಡಿದ್ದನ್ನು ನಾವು ಮರೆತಿಲ್ಲ. ಟ್ಯಾಂಕರುಗಳಲ್ಲಿ ಬಂದ ದ್ರವ ಆಮ್ಲಜನಕ ತಯಾರಾಗುವುದು ಗಾಳಿಯನ್ನು ದ್ರವೀಕರಿಸಿ, ಕುದಿಬಿಂದುವಿನ ಅಂತರದಿಂದ ಬೇರ್ಪಡಿಸುವ ವಿಧಾನದಲ್ಲಿಯೇ. ಬೆಸುಗೆಯ ಆರ್ಗಾನ್ ಸಹ ಹಾಗೆಯೇ ಬರುತ್ತದೆ. 2017ರಲ್ಲಿ ಇಸ್ರೊ ಹಾರಿಸಿದ ಜಿಸ್ಯಾಟ್-9 ಉಪಗ್ರಹದ ವಿದ್ಯುತ್ ನೋದನ ವ್ಯವಸ್ಥೆಗೆ ಬಳಕೆಯಾದದ್ದು ಕ್ಸೆನಾನ್. ಯಾವ ಉಪಯೋಗವನ್ನೂ ಎದುರು ನೋಡದೆ ಹುಡುಕಿದ ಅನಿಲ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಹೀಗೆ ಕೆಲಸಕ್ಕೆ ಬಂದಿತು.

ಮೊದಲ ವರ್ಷದ ರಸಾಯನವಿಜ್ಞಾನದ ತರಗತಿಯಲ್ಲಿ ಪರೀಕ್ಷೆಯ ಪ್ರಶ್ನೆಗಳಾಚೆಗೆ ಇದನ್ನೂ ಹೇಳುವಷ್ಟು ಬಿಡುವನ್ನು ನಮ್ಮ ಅಧ್ಯಾಪಕರಿಗೆ ನಾವು ಕೊಡಬೇಕು. ತಾನು ದಿನವೂ ಹಾದುಹೋಗುವ ಆವರಣವನ್ನು ಕಟ್ಟಲು ಯಾರು, ಏನನ್ನು ಕಳೆದುಕೊಂಡರು ಎಂದು ತಿಳಿದ ವಿದ್ಯಾರ್ಥಿ ಆ ವಿಷಯವನ್ನು ಸುಲಭವಾಗಿ ಮರೆಯಲಾರ.